ದ್ವೀಪಗಳ ಹಾಯಿದೋಣಿಗಳಿಗೆ ಕೆಲಸ ಉಳಿಯಲಿ

ಮಾನ್ಯ ಸಂಪಾದಕರೇ,

2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ‘ಐಎನ್‌ಎಸ್‌ವಿ ಕೌಂಡಿನ್ಯ’ ಎಂಬ ಹಾಯಿಹಡಗು ನಮ್ಮ ನೌಕಾಪಡೆಗೆ ಸೇರಿದಾಗ ಆ ಸುದ್ದಿಗೆ ಎಲ್ಲೆಡೆ ಒಳ್ಳೆಯ ಪ್ರಚಾರ ಸಿಕ್ಕಿತು. ಅಜಂತಾದ ಗುಹಾಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಕಬ್ಬಿಣದ ಮೊಳೆಗಳ ಬದಲಿಗೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು, ಕೇರಳದ ಕುಶಲಕರ್ಮಿಗಳು ಕಟ್ಟಿದ ಈ ಹಡಗಿನ ಬಗ್ಗೆ ನನಗೂ ಬಹಳ ಸಂತೋಷವಿದೆ. ಆದರೆ ಐದನೆಯ ಶತಮಾನದ ವಿದ್ಯೆಯೊಂದಕ್ಕೆ ಮರುಜೀವ ಬಂದಿತು ಎಂಬ ಮಾತನ್ನು ಓದಿದವರಿಗೆ, ಹೊಲಿದ ದೋಣಿಗಳ ಕಾಲ ಅಜಂತಾದ ಜೊತೆಗೇ ಮುಗಿದುಹೋಗಿತ್ತು ಎನ್ನಿಸಿದರೆ ಆಶ್ಚರ್ಯವಿಲ್ಲ. ನಿಜಸಂಗತಿ ಹಾಗಿಲ್ಲ. ನಮ್ಮ ಕರಾವಳಿಯಿಂದ ಪಶ್ಚಿಮಕ್ಕೆ ಕೆಲವು ದಿನಗಳ ಹಾಯಿಪಯಣದ ದೂರದಲ್ಲಿರುವ ಲಕ್ಷದ್ವೀಪದಲ್ಲಿ ನಾರಿನಿಂದ ಹೊಲಿದ ಓಡಗಳು ಕಳೆದ ಶತಮಾನದಲ್ಲೂ ಸರಕು ತುಂಬಿಕೊಂಡು ಸಾಗುತ್ತಿದ್ದವು. ಅವುಗಳಲ್ಲಿ ಅನೇಕವು ಬಂದು ಲಂಗರು ಹಾಕುತ್ತಿದ್ದದ್ದು ಮಂಗಳೂರಿನಲ್ಲಿ. ಆ ಓಡಗಳ ಬಗ್ಗೆ, ಅವುಗಳಂತೆಯೇ ಬೇರೆ ಬೇರೆ ಸಮುದ್ರಗಳ ದ್ವೀಪಗಳಲ್ಲಿ ಬಾಳಿದ ಮರದ ಹಾಯಿದೋಣಿಗಳ ಬಗ್ಗೆ, ಅವುಗಳನ್ನು ಇಂದು ಉಳಿಸಿಕೊಳ್ಳುವ ದಾರಿ ಯಾವುದು ಎಂಬುದರ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಓದುಗರ ಮುಂದಿಡಬಯಸುತ್ತೇನೆ.

ಭೂಭಾಗದಲ್ಲಿ ವಾಸಿಸುವವರಿಗೆ ದೋಣಿ ಹಲವು ವಾಹನಗಳಲ್ಲಿ ಒಂದು. ದ್ವೀಪದವರಿಗೆ ಅದಕ್ಕೆ ಪರ್ಯಾಯವೇ ಇರಲಿಲ್ಲ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿ ಇರುವವು 10 ಮಾತ್ರ. ಎಲ್ಲವನ್ನೂ ಕೂಡಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. ಹವಳದ ಮರಳಿನ ಆ ನೆಲದಲ್ಲಿ ತೆಂಗು ಸೊಂಪಾಗಿ ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಆದ್ದರಿಂದ ಕೊಬ್ಬರಿ ಮತ್ತು ತೆಂಗಿನ ನಾರು ಹೊರಗೆ ಹೋಗಬೇಕಿತ್ತು, ಅಕ್ಕಿ ಒಳಗೆ ಬರಬೇಕಿತ್ತು. ಈ ಎರಡೂ ಕೆಲಸಗಳನ್ನು ಓಡವೇ ಮಾಡುತ್ತಿತ್ತು. ಐರ್ಲೆಂಡಿನ ಪಶ್ಚಿಮ ಕಡಲಿನ ಅರನ್ ದ್ವೀಪಗಳಲ್ಲಿಯೂ ಇದೇ ಸ್ಥಿತಿ ಇತ್ತು. ಅಲ್ಲಿ ಬೇಯಿಸಲು ಮತ್ತು ಚಳಿ ಕಾಯಿಸಲು ಬೇಕಾದ ಉರುವಲು ಸಿಗದ ಕಾರಣ, ಎದುರಿನ ಕಾನಮಾರಾ ತೀರದ ಜೌಗುನೆಲದಿಂದ ಕತ್ತರಿಸಿ ಒಣಗಿಸಿದ ಮಣ್ಣಿನ ಹೆಂಟೆಗಳನ್ನು ‘ಗಾಲ್ವೇ ಹೂಕರ್’ ಎಂಬ ಮರದ ಹಾಯಿದೋಣಿಗಳು ಹೊತ್ತು ತರುತ್ತಿದ್ದವು, ಮರಳುವಾಗ ಸುಣ್ಣಕಲ್ಲನ್ನು ಒಯ್ಯುತ್ತಿದ್ದವು. ಒಂದು ಕಡೆ ಊಟದ ಅಕ್ಕಿ, ಇನ್ನೊಂದು ಕಡೆ ಒಲೆಯ ಬೆಂಕಿ ಹಾಯಿಯನ್ನೇ ನಂಬಿಕೊಂಡಿದ್ದವು. ಪ್ರವಾಸದ ಪುಟಗಳಲ್ಲಿ ಸೂರ್ಯಾಸ್ತದ ಮುಂದೆ ನಿಂತ ಹಾಯಿದೋಣಿಯ ಚಿತ್ರವನ್ನು ಕಂಡಾಗ ಈ ಸಂಗತಿ ನಮ್ಮ ನೆನಪಿಗೆ ಬರುವುದಿಲ್ಲ.

ಕನ್ನಡದ ಓದುಗರಿಗೆ ಈ ಕತೆ ಪರಕೀಯವೂ ಅಲ್ಲ. ಲಕ್ಷದ್ವೀಪದ ಉತ್ತರದ ಗುಂಪಾದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ಮತ್ತು ಬಿತ್ರಾ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಅಧೀನಕ್ಕೆ ಬಂದು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ಕಾಲದಲ್ಲಿ ಅಲ್ಲಿನ ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. ದ್ವೀಪದವರು ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಸರ್ಕಾರಕ್ಕೆ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ಅಕ್ಕಿ ಪಡೆದು ಹಿಂದಿರುಗಬೇಕಾಗಿತ್ತು; ಬೇರೆಲ್ಲಿಯಾದರೂ ಹೆಚ್ಚು ಬೆಲೆಗೆ ಮಾರುವ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ. ಮಂಗಳೂರಿನ ಇತಿಹಾಸವನ್ನು ಹೆಂಚು, ಗೋಡಂಬಿ, ಕಾಫಿಗಳ ಜೊತೆ ಹೇಳುವ ನಾವು ಈ ಓಡಗಳನ್ನು ಬಹುತೇಕ ಮರೆತೇಬಿಟ್ಟಿದ್ದೇವೆ ಎಂಬುದು ನನಗೆ ನೋವಿನ ವಿಷಯ.

ಓಡದ ರಚನೆಯ ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಲಗೆಗಳ ಅಂಚುಗಳನ್ನು ಒಂದಕ್ಕೊಂದು ಕೂಡುವಂತೆ ಕೆತ್ತಿ, ಅಂಚಿನುದ್ದಕ್ಕೂ ರಂಧ್ರಗಳನ್ನು ಕೊರೆದು, ಸಂದಿಯ ಮೇಲೆ ನಾರಿನ ಪದರವನ್ನು ಒತ್ತಿ, ಹುರಿಯನ್ನು ಆ ಕಡೆಯಿಂದ ಈ ಕಡೆಗೆ ಎಳೆದು ಬಿಗಿಯುತ್ತಾರೆ. ಒಳಗಿನ ಪಕ್ಕೆಮರಗಳನ್ನು ಕೂರಿಸುವುದು ಹೊರಮೈಯ ಆಕಾರ ಮೂಡಿದ ಮೇಲೆ. ಈ ಕ್ರಮದಲ್ಲಿ ಕಾಗದದ ಮೇಲಿನ ನಕ್ಷೆಗೆ ಜಾಗವಿಲ್ಲ. ಅಳತೆ ಹಿರಿಯ ಬಡಗಿಯ ಕಣ್ಣಿನಲ್ಲಿ ಮತ್ತು ಅವನು ಹಿಡಿದ ದಾರದಲ್ಲಿ ಇರುತ್ತದೆ. ಹೊಲಿದ ದೋಣಿ ದುರ್ಬಲ, ಮೊಳೆ ಸಿಗದವರ ಅನಿವಾರ್ಯ ಉಪಾಯ ಎಂದು ಭಾವಿಸುವವರು ಇದ್ದಾರೆ. 1343ರ ಸುಮಾರಿಗೆ ಮಾಲ್ಡೀವ್ಸ್‌ಗೆ ಬಂದು ನೆಲೆಸಿದ್ದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ವಿರುದ್ಧವಾದ ಕಾರಣವನ್ನೇ ದಾಖಲಿಸಿದ್ದಾನೆ. ಭಾರತ ಮತ್ತು ಯೆಮನ್‌ಗಳ ಹಡಗುಗಳನ್ನು ಅಲ್ಲಿನ ನಾರಿನಿಂದ ಹೊಲಿಯುತ್ತಾರೆ, ಏಕೆಂದರೆ ಈ ಸಮುದ್ರದಲ್ಲಿ ಬಂಡೆಗಳು ಹೆಚ್ಚು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗುವ ಗುಣದಿಂದಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ ಎಂಬುದು ಅವನ ವಿವರಣೆ. ಸುತ್ತಲೂ ಹವಳದ ದಿಬ್ಬ, ನಡುವೆ ಆಳವಿಲ್ಲದ ನೀರು, ಒಳಬರಲು ಇಕ್ಕಟ್ಟಾದ ಒಂದು ಬಾಯಿ, ದೋಣಿಯನ್ನು ಆಗಾಗ ಮರಳಿನ ಮೇಲೆ ಎಳೆದುಹಾಕಬೇಕಾದ ಅಗತ್ಯ, ಇವೆಲ್ಲ ಇರುವ ಸ್ಥಳಕ್ಕೆ ಬಾಗುವ ಮೈಯ ದೋಣಿಯೇ ಸರಿಯಾದದ್ದು. ಹುರಿ ಸವೆದರೆ ಬಿಚ್ಚಿ ಹೊಸ ಹುರಿಯಿಂದ ಹೊಲಿಯಬಹುದು, ಹಲಗೆಯೊಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಹುರಿಯಂತೂ ದ್ವೀಪದಲ್ಲೇ ಸಿದ್ಧವಾಗುವ ವಸ್ತು.

ಆ ಹುರಿಯನ್ನು ಸಿದ್ಧಪಡಿಸುತ್ತಿದ್ದವರು ಹೆಂಗಸರು. ಸಿಪ್ಪೆಯನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುವ ಕೆಲಸ ಅವರದು. ಓಡವನ್ನು ಕುರಿತು ಬರೆಯುವಾಗ ಬಡಗಿಗಳನ್ನೂ ನಾವಿಕರನ್ನೂ ಮಾತ್ರ ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ, ಏಕೆಂದರೆ ದೋಣಿಯ ಹೊಲಿಗೆಯೂ ಅದರೊಳಗಿನ ಸರಕೂ ಈ ಹೆಂಗಸರ ಕೈಯಿಂದಲೇ ಬಂದದ್ದು. ಹಾಗೆಯೇ ಓಡದ ಕಾಲವನ್ನು ಸಮಾನತೆಯ ಸುವರ್ಣಯುಗವೆಂದು ಬಣ್ಣಿಸುವುದೂ ತಪ್ಪಾಗುತ್ತದೆ. ಓಡದ ಒಡೆತನ ಕೋಯ ಎಂಬ ಮೇಲ್ವರ್ಗದ ಮನೆತನಗಳಿಗೆ ಸೇರಿತ್ತು. ಅದನ್ನು ನಡೆಸುವವರು ಮಾಲ್ಮಿಗಳು. ತೆಂಗಿನ ಮರವೇರಿ ಕಾಯಿ ಕೀಳುತ್ತಿದ್ದ ಮೇಲಾಚೇರಿಗಳು ಎಲ್ಲರಿಗಿಂತ ಕೆಳಗಿದ್ದರು. ದೋಣಿ ಯಾರದು ಎಂಬ ಪ್ರಶ್ನೆಗೆ ಸಿಗುವ ಉತ್ತರದಲ್ಲಿಯೇ ಆ ದ್ವೀಪದಲ್ಲಿ ಯಾರ ಮಾತು ನಡೆಯುತ್ತಿತ್ತು ಎಂಬುದೂ ತಿಳಿಯುತ್ತಿತ್ತು. ಹಾಯಿದೋಣಿಯ ಮೇಲೆ ನನಗಿರುವ ಗೌರವ ಈ ಸತ್ಯವನ್ನು ತಿಳಿದುಕೊಂಡೇ ಇರುವಂಥದ್ದು.

ಮಾಲ್ಮಿಗಳ ವಿದ್ಯೆ ಇನ್ನೊಂದು ಬಗೆಯ ಅಚ್ಚರಿ. ಲಕ್ಷದ್ವೀಪದ ನೆಲ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿದೆ. ತೆಂಗಿನ ತಲೆಗಳು ಕಣ್ಣಿಗೆ ಬೀಳುವುದು ತೀರಾ ಹತ್ತಿರ ಬಂದ ಮೇಲೆ. ಗಾಳಿ ಮತ್ತು ಪ್ರವಾಹ ಸ್ವಲ್ಪ ಪಕ್ಕಕ್ಕೆ ತಳ್ಳಿದರೂ ದ್ವೀಪ ತಪ್ಪಿಹೋಗಿ ಮುಂದೆ ಬರೀ ಅರಬ್ಬಿ ಸಮುದ್ರವೇ ಉಳಿಯುತ್ತದೆ. ಮಾಲ್ಮಿಯ ಬಳಿ ಇರುತ್ತಿದ್ದದ್ದು ನಡುವೆ ದಾರ ಪೋಣಿಸಿದ ಒಂದು ಸಣ್ಣ ಮರದ ಫಲಕ. ಅರಬರು ಇದನ್ನು ಕಮಾಲ್ ಎಂದು ಕರೆಯುತ್ತಿದ್ದರು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಫಲಕದ ಕೆಳಅಂಚು ದಿಗಂತಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗುವವರೆಗೆ ಅದನ್ನು ಮುಂದಕ್ಕೆ ಚಾಚಿದರೆ, ದಾರದ ಮೇಲಿನ ಗಂಟು ಎಷ್ಟು ಉತ್ತರದಲ್ಲಿದ್ದೇವೆಂಬುದನ್ನು ತಿಳಿಸುತ್ತದೆ. ತನ್ನ ದ್ವೀಪದ ಗಂಟು ಗೊತ್ತಿದ್ದವನು ಧ್ರುವನಕ್ಷತ್ರವನ್ನು ಆ ಎತ್ತರಕ್ಕೆ ತಂದುಕೊಂಡು, ಅದೇ ಎತ್ತರದಲ್ಲಿ ಇಟ್ಟುಕೊಂಡು ಪಶ್ಚಿಮಕ್ಕೆ ಸಾಗಿದರೆ ಮನೆ ಸೇರುತ್ತಾನೆ. ನಕ್ಷತ್ರಗಳ ಎತ್ತರ, ದಿಕ್ಕು, ದೂರಗಳ ಲೆಕ್ಕಗಳನ್ನು ‘ರಹ್ಮಾನಿ’ ಎಂಬ ಕೈಬರಹದ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಅಂಥ ಕೆಲವು ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ನಮ್ಮ ವಿಜ್ಞಾನದ ಇತಿಹಾಸವನ್ನು ಹೇಳುವ ಪಠ್ಯಗಳಲ್ಲಿ ಇವುಗಳಿಗೆ ಒಂದು ಪುಟವನ್ನಾದರೂ ಕೊಡಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಈ ಓಡಗಳು ಏಕೆ ಹೋದವು ಎಂಬುದಕ್ಕೆ ನಿಗೂಢ ಕಾರಣಗಳಿಲ್ಲ. ಯಂತ್ರದ ದೋಣಿಗಳು ಬಂದವು, ಆಮೇಲೆ ಸರ್ಕಾರದ ಹಡಗುಗಳು ಬಂದವು. ಮಳೆಗಾಲದ ನಾಲ್ಕು ತಿಂಗಳು ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಳ್ಳುತ್ತಿದ್ದ, ಹೆರಿಗೆಯ ತೊಂದರೆಗೆ ವೈದ್ಯರ ನೆರವು ಸಿಗದಿದ್ದ ಜನರು ಹಡಗನ್ನು ಸ್ವಾಗತಿಸಿದ್ದು ಸಹಜ ಮತ್ತು ಸರಿ. ಅವರನ್ನು ಮತ್ತೆ ಹಾಯಿಗೆ ಮರಳಿರೆಂದು ದಡದಲ್ಲಿ ಕುಳಿತವರು ಉಪದೇಶಿಸುವಂತಿಲ್ಲ. ಪ್ರಶ್ನೆ ಇರುವುದು ಬೇರೆ ಕಡೆ. ಹಾಯಿ ಇಳಿದ ಮೇಲೆ ಕೆಲವು ದ್ವೀಪಗಳಲ್ಲಿ ದೋಣಿಕಟ್ಟುವ ವಿದ್ಯೆ ಹೇಗೋ ಉಳಿದುಕೊಂಡಿತು, ಕೆಲವು ಕಡೆ ಒಂದೇ ತಲೆಮಾರಿನಲ್ಲಿ ಅಳಿಸಿಹೋಯಿತು. ಈ ವ್ಯತ್ಯಾಸಕ್ಕೆ ಕಾರಣವೇನು?

ಮಾಲ್ಡೀವ್ಸ್‌ನ ಧೋನಿಯನ್ನು ನೋಡಿ. ತೆಂಗಿನ ಮರದ ಹಲಗೆಗಳಿಂದ ಕಟ್ಟಿ, ಮೂತಿಯನ್ನು ಎತ್ತರಕ್ಕೆ ಬಾಗಿಸಿದ ಈ ಹಾಯಿದೋಣಿಯಲ್ಲಿ ಅಲ್ಲಿನವರು ಟ್ಯೂನಾ ಮೀನನ್ನು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುತ್ತಿದ್ದರು. ಗಾಳದತ್ತ ಮೀನನ್ನು ಸೆಳೆಯಲು ಬೇಕಾದ ಸಣ್ಣ ಮೀನುಗಳನ್ನು ಜೀವಂತವಾಗಿಡುವುದಕ್ಕೆ ದೋಣಿಯ ಒಡಲಿನಲ್ಲೇ ಒಂದು ತೊಟ್ಟಿ ಇರುತ್ತದೆ. ತಳದ ರಂಧ್ರಗಳ ಬಿರಡೆ ತೆಗೆದರೆ ಸಮುದ್ರದ ನೀರು ಒಳಗೆ ಬಂದು ಹರಿದಾಡುತ್ತದೆ. 1970ರ ದಶಕದ ನಡುಭಾಗದಲ್ಲಿ ಅಲ್ಲಿ ಯಂತ್ರ ಬಂದಾಗ ಹೊಸ ಮಾದರಿಯ ದೋಣಿಗಳನ್ನು ತರಿಸುವ ಬದಲು ಅದೇ ಧೋನಿಯೊಳಗೆ ಯಂತ್ರ ಕೂರಿಸಿದರು. ಹಾಯಿ ಬಲುಬೇಗ ಮಾಯವಾಯಿತು, ಆದರೆ ಧೋನಿಯ ಮೈ ಉಳಿಯಿತು, ಅದನ್ನು ಕಟ್ಟುವ ಬಡಗಿಗೆ ಕೆಲಸ ಉಳಿಯಿತು. ದೋಣಿಕಟ್ಟುವವರಿಗೆ ಹೆಸರಾದ ಅಲಿಫುಶಿಯಂಥ ದ್ವೀಪಗಳಲ್ಲಿ ಆ ಕಸುಬು ಮುಂದುವರಿಯಿತು. ಈಚೆಗೆ ಮರದ ಜಾಗಕ್ಕೆ ಫೈಬರ್ ಬಂದಿದೆಯಾದರೂ ಆಕಾರದಲ್ಲಿ ಹಳೆಯ ಧೋನಿಯ ಗುರುತು ಇದೆ.

ಇಂಡೊನೇಷ್ಯಾದ ದಕ್ಷಿಣ ಸುಲಾವೆಸಿಯಲ್ಲೂ ನಡೆದದ್ದು ಇಂಥದೇ. ಬುಲುಕುಂಬಾ ಪ್ರದೇಶದ ತಾನಾ ಬೇರು, ಬೀರಾ ಮೊದಲಾದ ಕಡಲತಡಿಯ ಊರುಗಳಲ್ಲಿ ಪಿನಿಸಿ ಎಂಬ ಬೃಹತ್ ಮರದ ಹಡಗುಗಳನ್ನು ಇಂದಿಗೂ ಮರಳಿನ ಮೇಲೆಯೇ ಕಟ್ಟುತ್ತಾರೆ. ಅಲ್ಲಿಯೂ ಮೊದಲು ಹೊರಮೈ, ಹಲಗೆಗಳ ನಡುವೆ ಮರದ ಗೂಟಗಳು, ಪಕ್ಕೆಗಳು ಆಮೇಲೆ. 2017ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅದು ಉಳಿದದ್ದು ಪಟ್ಟಿಯಿಂದಲ್ಲ. ಹದಿನೇಳು ಸಾವಿರದಷ್ಟು ದ್ವೀಪಗಳ ಆ ದೇಶದಲ್ಲಿ ಸಿಮೆಂಟು, ಅಕ್ಕಿ, ಮರಮುಟ್ಟುಗಳನ್ನು ಸಣ್ಣ ಬಂದರುಗಳಿಗೆ ಒಯ್ಯಲು ಮರದ ಹಡಗುಗಳಿಗೆ ಬೇಡಿಕೆ ನಿಲ್ಲಲಿಲ್ಲ. ಯಂತ್ರ ಕೂರಿಸಿದ ಮೇಲೂ ನಿಲ್ಲಲಿಲ್ಲ. ಈಗ ಪ್ರವಾಸಿಗರಿಗಾಗಿ ಕಟ್ಟಿಸುವವರೂ ಸೇರಿಕೊಂಡಿದ್ದಾರೆ. ಶುದ್ಧ ಪರಂಪರೆಯನ್ನು ಬಯಸುವ ಕೆಲವರಿಗೆ ಇದು ಹಿಡಿಸದಿರಬಹುದು. ಬಡಗಿಯ ಮಗ ಅದೇ ಕಸುಬಿನಲ್ಲಿ ಸಂಸಾರ ನಡೆಸಬಲ್ಲನೆಂಬುದು ನನಗೆ ಹೆಚ್ಚಿನ ವಿಷಯ.

ಕೆಲಸ ತಪ್ಪಿದಲ್ಲಿ ಏನಾಯಿತೆಂಬುದಕ್ಕೆ ಪೂರ್ವ ಆಫ್ರಿಕದ ಲಾಮು ದ್ವೀಪಸಮೂಹದ ಎಂತೆಪೆ ದೋಣಿ ಸಾಕ್ಷಿ. ನಾರಿನಿಂದ ಹೊಲಿದು, ಗರಿಯ ಚಾಪೆಯನ್ನೇ ಚೌಕಾಕಾರದ ಹಾಯಿಯಾಗಿ ಕಟ್ಟುತ್ತಿದ್ದ ಆ ದೋಣಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಣ್ಮರೆಯಾಯಿತು. ಬಹುಕಾಲದ ನಂತರ ಜಾಂಜಿಬಾರಿನಲ್ಲಿ ಅದರ ಪ್ರತಿಕೃತಿಯನ್ನು ಕಟ್ಟಲು ಹೊರಟವರಿಗೆ ಕೇಳಿ ಕಲಿಯಲು ಒಬ್ಬ ಎಂತೆಪೆ ಬಡಗಿಯೂ ಇರಲಿಲ್ಲ. ವಸ್ತುಸಂಗ್ರಹಾಲಯಗಳ ಸಣ್ಣ ಮಾದರಿಗಳನ್ನೂ ಹಳೆಯ ಚಿತ್ರಗಳನ್ನೂ ನೋಡಿ ಊಹಿಸಬೇಕಾಯಿತು. ಗ್ರೀಸಿನ ದ್ವೀಪಗಳಲ್ಲಿ ನಡೆದದ್ದು ಇನ್ನೂ ಕಠೋರವಾದದ್ದು. ಸಮುದ್ರದಲ್ಲಿ ಮೀನು ಕಡಿಮೆಯಾಗುತ್ತಿದ್ದ ಕಾರಣ ದೋಣಿಗಳ ಸಂಖ್ಯೆ ತಗ್ಗಿಸಲು ಐರೋಪ್ಯ ಒಕ್ಕೂಟವು ಮೀನುಗಾರಿಕೆಯ ಪರವಾನಗಿ ಬಿಟ್ಟುಕೊಡುವವರಿಗೆ ಪರಿಹಾರಧನ ಕೊಟ್ಟಿತು. ಅದನ್ನು ಪಡೆಯಲು ದೋಣಿಯನ್ನೂ ಒಪ್ಪಿಸಿ ಯಂತ್ರದಿಂದ ಪುಡಿಮಾಡಿಸಬೇಕಿತ್ತು. 1990ರ ದಶಕದಿಂದೀಚೆಗೆ ಹೀಗೆ ಹತ್ತು ಸಾವಿರಕ್ಕೂ ಹೆಚ್ಚು ಮರದ ಕೈಕಿ ದೋಣಿಗಳು ನಾಶವಾದವು. ಮೀನಿನ ಸಂತತಿಯನ್ನು ಕಾಪಾಡುವ ಉದ್ದೇಶ ಒಳ್ಳೆಯದೇ. ಆದರೆ ಪರವಾನಗಿ ಬೇರೆ, ದೋಣಿ ಬೇರೆ ಎಂಬ ವಿವೇಚನೆಯನ್ನು ನಿಯಮ ಬರೆದವರು ತೋರಿದ್ದರೆ, ಮೀನು ಹಿಡಿಯದ ಆ ದೋಣಿಗಳು ಬೇರೆ ಕೆಲಸಕ್ಕೆ ಒದಗುತ್ತಿದ್ದವು, ಅವುಗಳ ದುರಸ್ತಿಯಿಂದ ಬದುಕುತ್ತಿದ್ದ ದೋಣಿಗಟ್ಟೆಗಳು ಮುಚ್ಚುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಕೆರಿಬಿಯನ್ ಸಮುದ್ರದಲ್ಲಿ ಗ್ರೆನಡಾ ದೇಶಕ್ಕೆ ಸೇರಿದ ಪುಟ್ಟ ದ್ವೀಪ ಕ್ಯಾರಿಯಕೂ ನನಗೆ ಬಹಳ ಭರವಸೆ ಕೊಡುತ್ತದೆ. ಅಲ್ಲಿನ ವಿಂಡ್‌ವರ್ಡ್ ಎಂಬ ಊರಿನಲ್ಲಿ, ದ್ವೀಪದಲ್ಲೇ ಬೆಳೆಯುವ ಬಿಳಿ ಸೀಡರ್ ಮರದ ಸಹಜವಾಗಿ ಬಾಗಿದ ಕೊಂಬೆಗಳನ್ನು ಹುಡುಕಿ ಪಕ್ಕೆಮರಗಳನ್ನು ಮಾಡುತ್ತಾರೆ. ಸರಕು ಸಾಗಣೆಯ ಕಾಲ ಮುಗಿಯುತ್ತಾ ಬಂದಾಗ, 1965ರಲ್ಲಿ ಆರಂಭವಾದ ವಾರ್ಷಿಕ ಹಾಯಿಪಂದ್ಯ ಆ ದೋಣಿಗಳಿಗೆ ಹೊಸ ಕೆಲಸ ಕೊಟ್ಟಿತು. ಪಂದ್ಯವಿದೆ ಎಂದಾದರೆ ಹೊಸ ದೋಣಿ ಬೇಕು, ಹಳೆಯದರ ದುರಸ್ತಿ ಬೇಕು, ಹಾಯಿ ನಡೆಸುವ ಹುಡುಗರು ಬೇಕು. 2023ರಲ್ಲಿ ಯುನೆಸ್ಕೊದ ಮನ್ನಣೆಯೂ ಬಂದಿತು. ಮರುವರ್ಷ ಜುಲೈ 1ರಂದು ಬೆರಿಲ್ ಚಂಡಮಾರುತ ಆ ದ್ವೀಪದ ಬಹುಪಾಲು ಮನೆಗಳನ್ನು ಹಾಳುಗೆಡವಿತು. ಇಂಥ ಹೊಡೆತ ತಿಂದ ಜನರ ಬಳಿ ಮರ ಕೆತ್ತಿ ಜೋಡಿಸುವ ಕೈಗಳು ಇನ್ನೂ ಇವೆ ಎಂಬುದು ಸಣ್ಣ ವಿಷಯವಲ್ಲ.

ಶಾಂತಸಾಗರದ ಮಾರ್ಷಲ್ ದ್ವೀಪಗಳಲ್ಲಿ 1989ರಲ್ಲಿ ಹಳೆಯ ದೋಣಿಗಳನ್ನು ದಾಖಲಿಸುವ ಕೆಲಸವಾಗಿ ಶುರುವಾದ ಒಂದು ಪ್ರಯತ್ನ, ಮುಂದೆ ಶಾಲೆ ಬಿಟ್ಟ ಯುವಕ ಯುವತಿಯರಿಗೆ ದೋಣಿಕಟ್ಟುವುದನ್ನೂ ಹಾಯಿ ನಡೆಸುವುದನ್ನೂ ಕಲಿಸುವ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿನವರ ದೋಣಿಗೆ ಒಂದು ಪಕ್ಕದಲ್ಲಿ ತೇಲುಮರವೊಂದನ್ನು ಕಟ್ಟಿರುತ್ತಾರೆ. ಅದು ಯಾವಾಗಲೂ ಗಾಳಿ ಬೀಸುವ ಕಡೆಗೇ ಇರಬೇಕಾದ್ದರಿಂದ, ದಿಕ್ಕು ಬದಲಿಸುವಾಗ ದೋಣಿಯನ್ನು ತಿರುಗಿಸದೆ ಹಾಯಿಯನ್ನೇ ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುತ್ತಾರೆ, ಮುಂಭಾಗವೇ ಹಿಂಭಾಗವಾಗುತ್ತದೆ. ಡೀಸೆಲ್ಲಿನ ಪ್ರತಿ ಹನಿಯನ್ನೂ ದೂರದಿಂದ ತರಿಸಬೇಕಾದ ಆ ಚದುರಿದ ದ್ವೀಪಗಳಲ್ಲಿ ಗಾಳಿಯಿಂದ ನಡೆಯುವ ದೋಣಿ ಇಂದಿನ ಅಗತ್ಯವೇ ಹೌದು. ಸನಿಹದ ಮೈಕ್ರೋನೇಷ್ಯಾದ ಸಾತಾವಾಲ್ ದ್ವೀಪದ ಮೌ ಪಿಯಾಯ್ಲುಗ್ 1976ರಲ್ಲಿ ಯಾವ ಉಪಕರಣವೂ ಇಲ್ಲದೆ ‘ಹೋಕುಲೆಯಾ’ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ತಹೀತಿಗೆ ಒಯ್ದರು. ತನ್ನವರಲ್ಲಿ ಕಲಿಯುವವರು ಕಡಿಮೆಯಾಗುತ್ತಿದ್ದುದನ್ನು ಕಂಡು, ಹೊರಗಿನವರಿಗೂ ವಿದ್ಯೆ ಹೇಳಿಕೊಟ್ಟ ಆ ಹಿರಿಯರ ನಿರ್ಧಾರದಿಂದಾಗಿಯೇ ಹವಾಯಿಯಲ್ಲಿ ಇಂದು ನಕ್ಷತ್ರ ಮತ್ತು ಅಲೆಗಳನ್ನು ಓದಿ ದೋಣಿ ನಡೆಸುವ ಹೊಸ ತಲೆಮಾರು ಇದೆ.

ಇವುಗಳ ಬೆಳಕಿನಲ್ಲಿ ಲಕ್ಷದ್ವೀಪದ ಕಡೆ ಮತ್ತೆ ನೋಡಿದರೆ, ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಓಡಗಳಲ್ಲಿ ಪಯಣಿಸಿದವರ, ಅವನ್ನು ಹೊಲಿದವರ, ಹುರಿ ಹೊಸೆದವರ ನೆನಪುಗಳನ್ನು ಅವರ ಧ್ವನಿಯಲ್ಲೇ ದಾಖಲಿಸುವುದು ತುರ್ತಾದದ್ದು. ಆ ವಯಸ್ಸಿನವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಮನೆಗಳಲ್ಲಿರುವ ರಹ್ಮಾನಿಗಳನ್ನು ಮನೆಯವರ ಬಳಿಯೇ ಉಳಿಸಿ ಅವುಗಳ ಚಿತ್ರಪ್ರತಿ ತೆಗೆಯಬಹುದು. ಮಂಗಳೂರಿನ ಸರ್ಕಾರಿ ಕಡತಗಳಲ್ಲಿರುವ ಅಮಿನಿ ದ್ವೀಪಗಳ ವ್ಯವಹಾರವನ್ನು ನಮ್ಮ ಕರಾವಳಿಯ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಅಧ್ಯಯನಕ್ಕೆ ಎತ್ತಿಕೊಳ್ಳಬಹುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ದೋಣಿಗೆ ಕೆಲಸ ಹುಡುಕುವುದು. ಲಕ್ಷದ್ವೀಪದ ಪ್ರವಾಸೋದ್ಯಮವನ್ನು ಬೆಳೆಸುವ ಮಾತು ಈಗ ಜೋರಾಗಿದೆ. ದಿಬ್ಬದೊಳಗಿನ ಶಾಂತ ನೀರಿನಲ್ಲಿ ಪ್ರವಾಸಿಗರನ್ನು ಒಯ್ಯಲು ಹೊರಗಿನಿಂದ ತಂದ ವೇಗದ ದೋಣಿಗಳೇ ಆಗಬೇಕೆಂದಿಲ್ಲ. ದ್ವೀಪದವರೇ ಕಟ್ಟಿದ, ದ್ವೀಪದವರೇ ನಡೆಸುವ ಹಾಯಿದೋಣಿಗಳಿಗೆ ಆ ಕೆಲಸ ಸಿಗಲಿ. ಮಿನಿಕಾಯ್‌ನಲ್ಲಿ ಊರೂರಿನವರು ತಮ್ಮ ತಮ್ಮ ಉದ್ದನೆಯ ಜಹಾಧೋನಿಗಳನ್ನು ಪಂದ್ಯಕ್ಕಾಗಿ ಅಚ್ಚುಕಟ್ಟಾಗಿ ಕಾಯ್ದುಕೊಂಡಿರುವುದನ್ನು ಗಮನಿಸಿದರೆ, ಇತರ ದ್ವೀಪಗಳಲ್ಲಿ ಹಾಯಿಪಂದ್ಯವೊಂದು ಏಕೆ ಸಾಧ್ಯವಾಗಬಾರದು? ಕೌಂಡಿನ್ಯವನ್ನು ಹೊಲಿದ ಕೈಗಳ ಸಹಾಯ ಪಡೆದು ಒಂದು ಓಡವನ್ನು ಅಮಿನಿಯಲ್ಲಿ, ಅಲ್ಲಿನ ಹುಡುಗರ ಕೈಯಲ್ಲೇ ಕಟ್ಟಿಸಬಹುದು.

ನಮ್ಮ ಬಂದರಿನಲ್ಲಿಯೂ ಈ ಕತೆ ಪೂರ್ತಿ ಮುಗಿದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಮರದ ಮೈಯ ಮಂಜಿಗಳು ಯಂತ್ರದ ಬಲದಿಂದ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಜಲ್ಲಿ, ಸಿಮೆಂಟುಗಳನ್ನು ಒಯ್ಯುತ್ತವೆ, ಮಳೆಗಾಲದಲ್ಲಿ ದಡ ಸೇರಿ ದುರಸ್ತಿಗೆ ನಿಲ್ಲುತ್ತವೆ. ಅವುಗಳ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಹೆಚ್ಚಾಗಿ ಯಾವುದಾದರೂ ಮಂಜಿ ಮುಳುಗಿದಾಗ. ಮಳೆ ನಿಂತು ಸೆಪ್ಟೆಂಬರಿನಲ್ಲಿ ಸಂಚಾರ ಮತ್ತೆ ಶುರುವಾಗುವ ಹೊತ್ತಿಗೆ ತಮ್ಮ ವರದಿಗಾರರೊಬ್ಬರನ್ನು ಹಳೆ ಬಂದರಿಗೆ, ಸಾಧ್ಯವಾದರೆ ಅಲ್ಲಿಂದ ಅಮಿನಿ, ಕಿಲ್ತಾನ್‌ಗಳಿಗೆ ಕಳುಹಿಸಿಕೊಡಿ. ಮಂಜಿಯ ಮರ ಎಲ್ಲಿಂದ ಬರುತ್ತದೆ, ಅದನ್ನು ದುರಸ್ತಿ ಮಾಡುವ ಬಡಗಿಗಳು ಎಷ್ಟು ಜನ ಉಳಿದಿದ್ದಾರೆ, ಅವರ ಮಕ್ಕಳು ಏನು ಮಾಡುತ್ತಿದ್ದಾರೆ, ದ್ವೀಪದ ಹಿರಿಯರಿಗೆ ಮಂಗಳೂರಿನ ಯಾವ ಬೀದಿಗಳು, ಯಾವ ಅಂಗಡಿಗಳು ನೆನಪಿವೆ ಎಂಬುದನ್ನು ಅವರಿಂದಲೇ ಕೇಳಿ ಬರೆಸಿ. ಆ ಲೇಖನಗಳಿಗೆ ಹಾಯಿಯ ಚಿತ್ರ ಒಂದು ಸಾಕು. ಉಳಿದ ಜಾಗವನ್ನು ದಯವಿಟ್ಟು ಅವರ ಮಾತಿಗೆ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ